ಬಾಟಲಿಯೊಳಗೊಂದು ಪುಟ್ಟ ಹಿತ್ತಲು

(ಕಲಿಕಾ ಕೇಂದ್ರದ ಸಂಜೆಯ ಸಭೆಯಲ್ಲಿ ಸ್ವಯಂಸೇವಕಿ ಶಿಕ್ಷಕಿಯೊಬ್ಬರು ಆಡಿದ ಮಾತು)



ದಿನಾ ನಾವಿಲ್ಲಿ ಅಕ್ಷರ ಓದುತ್ತೇವೆ. ಲೆಕ್ಕ ಬರೆಯುತ್ತೇವೆ. ಇವತ್ತು ಗಿಡದ ಮಾತು ಆಡೋಣ. ಹೊಲದ ಬೆಳೆಯ ಮಾತಲ್ಲ. ಕಿಟಕಿಯ ಹತ್ತಿರ, ಜಗಲಿಯ ಮೇಲೆ, ಮನೆಯೊಳಗೆ ಬೆಳೆಸುವ ಪುಟ್ಟ ಗಿಡಗಳ ಮಾತು. ಮಾರಲಿಕ್ಕಲ್ಲ. ನೋಡಿ ಸಂತೋಷಪಡಲಿಕ್ಕೆ.

ಇದಕ್ಕೆ ಹವ್ಯಾಸ ಅಂತ ಹೆಸರು. ಬಿಡಿಸಿ ಓದಿ: ಹ - ವ್ಯಾ - ಸ. ಕೆಲಸ ಮುಗಿದ ಮೇಲೆ ನಮ್ಮ ಖುಷಿಗೆ ನಾವೇ ಮಾಡುವ ಕೆಲಸವೇ ಹವ್ಯಾಸ.

ಇದರಿಂದ ಏನು ಲಾಭ?

"ಟೀಚರಮ್ಮ, ಕೈತುಂಬ ಕೆಲಸ ಇದೆ. ಇದರಿಂದ ಏನು ಲಾಭ?" ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುತ್ತೇವೆ. ರಂಗೋಲಿ ಬಿಡುತ್ತೇವೆ. ಸಂಜೆ ಹೊತ್ತಿಗೆ ಅದು ಅಳಿಸಿ ಹೋಗುತ್ತದೆ. ಅದರಿಂದ ಏನು ಲಾಭ ಅಂತ ಯಾರಾದರೂ ಕೇಳುತ್ತಾರಾ? ಇಲ್ಲ. ಮುಡಿಗೆ ಹೂವು ಯಾಕೆ ಅಂತಲೂ ಕೇಳುವುದಿಲ್ಲ. ಕಣ್ಣಿಗೆ ಚೆಂದ, ಮನಸ್ಸಿಗೆ ಹಿತ. ಗಿಡವೂ ಹಾಗೆಯೇ.

ಇನ್ನೊಂದು ಮಾತು. ಗಂಡಸರು ಕೆಲಸ ಮುಗಿಸಿ ಅರಳಿಕಟ್ಟೆಯ ಮೇಲೆ ಕೂರುತ್ತಾರೆ. ಹರಟೆ ಹೊಡೆಯುತ್ತಾರೆ. ಅದು ಅವರ ಹೊತ್ತು. ನಮಗೂ ದಿನಕ್ಕೆ ಹತ್ತು ನಿಮಿಷ ನಮ್ಮದು ಅಂತ ಬೇಡವೇ?

ಹಿಂದೆ ಮನೆಗೊಂದು ಹಿತ್ತಲಿತ್ತು. ಪಾತ್ರೆ ತೊಳೆದ ನೀರು ಬಾಳೆ ಬುಡಕ್ಕೆ ಹೋಗುತ್ತಿತ್ತು. ಬೇಲಿಯ ಮೇಲೆ ಬಸಳೆ, ಬಚ್ಚಲ ಪಕ್ಕ ಕೆಸು. ಅದು ಹೆಂಗಸರ ಜಾಗ. ಈಗ ಎಷ್ಟೋ ಜನ ಪಟ್ಟಣ ಸೇರಿದ್ದೇವೆ. ಒಂದು ಕೋಣೆಯ ಬಾಡಿಗೆ ಮನೆ. ಹಿತ್ತಲು ಎಲ್ಲಿಂದ ಬರಬೇಕು? ಆದರೆ ಒಂದು ಡಬ್ಬ ಇಡುವಷ್ಟು ಜಾಗ ಎಲ್ಲರ ಮನೆಯಲ್ಲೂ ಇದೆ.

ಡಬ್ಬದಲ್ಲಿ ಗಿಡ

ಹೊಸ ಕುಂಡ ಕೊಳ್ಳಬೇಡಿ. ಹಳೆ ಎಣ್ಣೆ ಡಬ್ಬ, ಒಡೆದ ಬಕೆಟ್ಟು, ಹಳೆ ಮಡಕೆ ಸಾಕು. ನಾಲ್ಕು ಮಾತು ನೆನಪಿಡಿ.

ಒಂದು: ತಳಕ್ಕೆ ತೂತು ಬೇಕು. ತೂತಿಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ತೂತಿನ ಮೇಲೆ ಹೆಂಚಿನ ಚೂರು ಇಡಿ.

ಎರಡು: ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಹಸಿ ಸಗಣಿ ಬೇಡ.

ಮೂರು: ನೀರು ಹಾಕುವ ಮುಂಚೆ ಮಣ್ಣಿಗೆ ಬೆರಳಿಟ್ಟು ನೋಡಿ. ಒದ್ದೆ ಇದ್ದರೆ ನೀರು ಬೇಡ. ಮನೆಯೊಳಗಿನ ಗಿಡ ಬಾಯಾರಿಕೆಯಿಂದ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಸಾಯುವುದೇ ಜಾಸ್ತಿ.

ನಾಲ್ಕು: ಬೆಳಕು ಬೇಕು. ಎಷ್ಟು ಬೆಳಕು? ಹಗಲು ಹೊತ್ತು ದೀಪ ಹಾಕದೆ ಈ ಪುಸ್ತಕ ಓದಲು ಆಗುತ್ತದೆಯೇ? ಹಾಗಾದರೆ ಅಲ್ಲಿ ಮನಿ ಪ್ಲಾಂಟ್ ಬದುಕುತ್ತದೆ. ತುಳಸಿ, ಕನಕಾಂಬರಕ್ಕೆ ಅಷ್ಟು ಸಾಲದು. ಅವಕ್ಕೆ ಬಿಸಿಲು ಬೀಳುವ ಜಗಲಿಯೇ ಬೇಕು.

ಮೊದಲ ಗಿಡಕ್ಕೆ ದೊಡ್ಡಪತ್ರೆ ಒಳ್ಳೆಯದು. ನೆರೆಮನೆಯಿಂದ ಗೇಣುದ್ದದ ಒಂದು ಕಡ್ಡಿ ಕೇಳಿ ತನ್ನಿ. ಕೆಳಗಿನ ಎಲೆ ಕಿತ್ತು ಮಣ್ಣಿಗೆ ಸಿಕ್ಕಿಸಿ. ಬೇಗ ಬೇರು ಬಿಡುತ್ತದೆ. ಮನಿ ಪ್ಲಾಂಟಿನ ಬಳ್ಳಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನ ಬಾಟಲಿಯಲ್ಲಿ ಇಡಬಹುದು. ಗೆಣ್ಣು ನೀರಿನಲ್ಲಿ ಮುಳುಗಿರಲಿ. ಬಿಳಿ ಬೇರು ಹೊರಡುವುದು ಕಣ್ಣಿಗೇ ಕಾಣುತ್ತದೆ.

ಎರಡು ಎಚ್ಚರಿಕೆ. ಡೆಂಗ್ಯೂ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಅದು ಹಾರುವ ಸೊಳ್ಳೆ ಆಗುತ್ತದೆ. ಆದ್ದರಿಂದ ಬಾಟಲಿಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ. ಒಳಗಡೆ ಉಜ್ಜಿ ತೊಳೆಯಿರಿ. ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲೂ ನೀರು ನಿಲ್ಲಲು ಬಿಡಬೇಡಿ.

ಇನ್ನೊಂದು, ಮಕ್ಕಳಿರುವ ಮನೆಯಲ್ಲಿ ಕಣಗಿಲೆ ಬೇಡ. ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಮನಿ ಪ್ಲಾಂಟಿನ ಎಲೆಯೂ ಮಕ್ಕಳ ಬಾಯಿಗೆ ಹೋಗಬಾರದು. ಬೇಯದ ಕೆಸುವಿನ ಎಲೆ ತಿಂದರೆ ಬಾಯಿ ಉರಿಯುತ್ತದಲ್ಲ, ಹಾಗೇ ಉರಿಯುತ್ತದೆ.

ಬಾಟಲಿ ತೋಟ

ಈಗ ಒಂದು ಸೋಜಿಗದ ತೋಟ ಹೇಳುತ್ತೇನೆ. ಇದನ್ನು ಗಾಜಿನ ಬಾಟಲಿಯೊಳಗೆ ಬೆಳೆಸುವುದು. ಮುಚ್ಚಳ ಹಾಕಿಯೇ ಇಡುವುದು. ದಿನಾ ನೀರು ಹಾಕುವಂತಿಲ್ಲ. ಪೇಟೆಯಲ್ಲಿ ಇದಕ್ಕೆ ಟೆರೇರಿಯಂ ಅಂತಾರೆ. ಅಂಗಡಿಯಲ್ಲಿ ನೂರಾರು ರೂಪಾಯಿ ಬೆಲೆ. ನಮಗೆ ಖರ್ಚೇ ಇಲ್ಲ.

ಅಗಲ ಬಾಯಿಯ ಗಾಜಿನ ಬಾಟಲಿ ಬೇಕು. ಉಪ್ಪಿನಕಾಯಿ ಬಾಟಲಿ ಆಗುತ್ತದೆ. ಪೆಟ್ಟಿ ಅಂಗಡಿಯಲ್ಲಿ ಪೆಪ್ಪರಮೆಂಟು ಹಾಕಿಡುವ ದೊಡ್ಡ ಬಾಟಲಿ ಸಿಕ್ಕರೆ ಇನ್ನೂ ಒಳ್ಳೆಯದು. ಸೋಪು ಹಾಕಿ ತೊಳೆದು ಒಣಗಿಸಿ. ಉಪ್ಪು, ಎಣ್ಣೆಯ ಜಿಡ್ಡು ಉಳಿಯಬಾರದು.

ತಳಕ್ಕೆ ಎರಡು ಬೆರಳು ದಪ್ಪ ಸಣ್ಣ ಕಲ್ಲು ಹಾಕಿ. ಬಾಟಲಿಗೆ ತೂತು ಇಲ್ಲವಲ್ಲ, ಹೆಚ್ಚಾದ ನೀರು ಈ ಕಲ್ಲಿನ ನಡುವೆ ಇಳಿಯಲಿ ಅಂತ. ಅದರ ಮೇಲೆ ಇದ್ದಿಲ ಚೂರು ತೆಳ್ಳಗೆ ಹರಡಿ. ಆಮೇಲೆ ಸ್ವಲ್ಪ ತೆಂಗಿನ ನಾರು. ಮಣ್ಣು ಕೆಳಗೆ ಸೋರದ ಹಾಗೆ ಅದು ತಡೆಯುತ್ತದೆ. ಅದರ ಮೇಲೆ ನಾಲ್ಕು ಬೆರಳು ಮಣ್ಣು. ಮರಳು, ಕಳಿತ ಎಲೆಯ ಪುಡಿ ಬೆರೆಸಿದ ಮಣ್ಣಾದರೆ ಒಳ್ಳೆಯದು.

ಒಳಗೆ ಯಾವ ಗಿಡ? ನೆರಳು, ತಂಪು ಬಯಸುವ ಪುಟ್ಟ ಗಿಡ. ಬಾವಿಯ ಗೋಡೆಯಲ್ಲಿ, ಹಳೆ ಇಟ್ಟಿಗೆಯ ಸಂದಿನಲ್ಲಿ ಜರಿಗಿಡ ಹುಟ್ಟಿರುತ್ತದೆ. ಬೇರು ಸಮೇತ ಒಂದು ಸಣ್ಣದು ತನ್ನಿ. ಗೋಡೆಯ ಮೇಲಿನ ಹಸಿರು ಪಾಚಿ ಒಂದು ಹಿಡಿ. ಮಲೆನಾಡು, ಕರಾವಳಿಯಲ್ಲಿ ಮಕ್ಕಳು ಸ್ಲೇಟು ಒರೆಸಲು ನೀರುಕಡ್ಡಿ ಗಿಡ ಬಳಸುತ್ತಿದ್ದರು. ಅದರ ದಂಟಿನ ತುಂಬ ನೀರು. ಅದೂ ಆಗುತ್ತದೆ. ಕಾಡಿಗೆ ಹೋಗಿ ಚೀಲ ತುಂಬ ಕಿತ್ತು ತರುವುದು ಬೇಡ. ಲೋಳೆಸರ, ಕಳ್ಳಿ, ದೊಡ್ಡಪತ್ರೆ ಇದರೊಳಗೆ ಬೇಡವೇ ಬೇಡ. ಆ ತೇವಕ್ಕೆ ಕೊಳೆತು ಹೋಗುತ್ತವೆ.

ಉದ್ದ ಕಡ್ಡಿಯಿಂದ ಕುಳಿ ಮಾಡಿ ನೆಡಿ. ಮೂರು ನಾಲ್ಕು ಚಮಚ ನೀರು ಹಾಕಿ ಮುಚ್ಚಳ ಮುಚ್ಚಿ. ಬೆಳಕಿರುವ ಕಡೆ ಇಡಿ. ಬಿಸಿಲಿನಲ್ಲಿ ಮಾತ್ರ ಇಡಬೇಡಿ. ಬಿಸಿಲಿಗೆ ಗಾಜು ಕಾದು ಗಿಡ ಬೆಂದೇ ಹೋಗುತ್ತದೆ.

ದಿನಕ್ಕೊಮ್ಮೆ ನೋಡಿ. ಬೆಳಗ್ಗೆ ಗಾಜಿನ ಮೇಲೆ ಸ್ವಲ್ಪ ಹನಿ ಇದ್ದರೆ ಸರಿಯಾಗಿದೆ. ದಿನವಿಡೀ ಹನಿ ಮುಸುಕಿ ಗಿಡವೇ ಕಾಣದಿದ್ದರೆ ನೀರು ಹೆಚ್ಚಾಗಿದೆ. ಅರ್ಧ ದಿನ ಮುಚ್ಚಳ ತೆಗೆದಿಡಿ. ಹನಿಯೇ ಇಲ್ಲ, ಮಣ್ಣು ಒಣಗಿದೆ ಅಂದರೆ ಎರಡು ಚಮಚ ನೀರು ಹಾಕಿ. ಕೊಳೆತ ಎಲೆ ಕಂಡರೆ ಕಡ್ಡಿಯಿಂದ ಹೊರಗೆ ತೆಗೆಯಿರಿ.

ಮುಚ್ಚಿದ ಬಾಟಲಿಗೆ ಮಳೆ ಎಲ್ಲಿಂದ?

ಅನ್ನ ಬೇಯುವಾಗ ಮುಚ್ಚಳ ಎತ್ತಿ ನೋಡಿದ್ದೀರಿ. ಮುಚ್ಚಳದ ಒಳಗಡೆ ನೀರಿನ ಹನಿ ಇರುತ್ತದೆ. ಆ ನೀರು ಎಲ್ಲಿಂದ ಬಂತು? ಪಾತ್ರೆಯ ನೀರೇ ಹಬೆಯಾಗಿ ಮೇಲೆ ಹೋಯಿತು. ಮುಚ್ಚಳಕ್ಕೆ ತಾಗಿ ತಣ್ಣಗಾಯಿತು. ಮತ್ತೆ ನೀರಾಯಿತು.

ಬಾಟಲಿಯಲ್ಲೂ ಅದೇ. ಒಲೆ ಮಾತ್ರ ಇಲ್ಲ. ಬೇರು ಮಣ್ಣಿನ ನೀರು ಕುಡಿಯುತ್ತದೆ. ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಅಲ್ಲಿಂದ ನೀರು ಆವಿಯಾಗಿ ಹೊರಗೆ ಬರುತ್ತದೆ. ಗಾಜಿಗೆ ತಾಗಿ ಹನಿಯಾಗುತ್ತದೆ. ಹನಿ ಜಾರಿ ಮಣ್ಣಿಗೆ ಇಳಿಯುತ್ತದೆ. ಬೇರು ಮತ್ತೆ ಅದನ್ನೇ ಕುಡಿಯುತ್ತದೆ.

ನಮ್ಮ ಭೂಮಿಯಲ್ಲೂ ಹೀಗೇ ನಡೆಯುತ್ತದೆ. ಸಮುದ್ರ, ಕೆರೆ, ಕಾಡಿನ ನೀರು ಆವಿಯಾಗಿ ಮೇಲೆ ಹೋಗುತ್ತದೆ. ತಣ್ಣಗಾಗಿ ಮೋಡವಾಗುತ್ತದೆ. ಮಳೆಯಾಗಿ ಇಳಿಯುತ್ತದೆ. ಅಷ್ಟು ದೊಡ್ಡ ಕೆಲಸವನ್ನು ನಿಮ್ಮ ಕಿಟಕಿಯ ಹತ್ತಿರ ಕೂತು ನೋಡಬಹುದು.

ಡಾಕ್ಟರ್ ವಾರ್ಡ್ ಕಂಡದ್ದು

ಇದನ್ನು ಮನಸ್ಸಿಟ್ಟು ನೋಡಿದವರಲ್ಲಿ ಲಂಡನ್ ಪಟ್ಟಣದ ಡಾಕ್ಟರ್ ನಥಾನಿಯಲ್ ವಾರ್ಡ್ ಒಬ್ಬರು. ಅವರಿಗೆ ಜರಿಗಿಡ ಅಂದರೆ ಪ್ರಾಣ. ಆದರೆ ಊರು ತುಂಬ ಕಲ್ಲಿದ್ದಲಿನ ಹೊಗೆ. ಅಂಗಳದಲ್ಲಿ ನೆಟ್ಟ ಜರಿಗಿಡಗಳು ಬದುಕಲಿಲ್ಲ.

1829ರಲ್ಲಿ ಅವರು ಬೇರೆ ಏನನ್ನೋ ನೋಡಬೇಕು ಅಂತ ಹೊರಟರು. ರೇಷ್ಮೆ ಗೂಡಿನೊಳಗೆ ಹುಳು ಮಲಗಿರುತ್ತದಲ್ಲ, ಅಂಥ ಒಂದು ಪತಂಗದ ಹುಳುವನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಿಟ್ಟರು. ಅದು ಪತಂಗವಾಗಿ ಹೊರಬರುವುದನ್ನು ನೋಡುವ ಆಸೆ. ದಿನಾ ಬಾಟಲಿ ನೋಡುತ್ತಿದ್ದರು. ಗಾಜಿನ ಮೇಲೆ ಹನಿ ಕಟ್ಟುವುದು, ಮಣ್ಣಿಗೆ ಇಳಿಯುವುದು ಕಂಡಿತು. ಒಂದು ದಿನ ಮಣ್ಣಿನಲ್ಲಿ ಹಸಿರು ಕಂಡಿತು. ಒಂದು ಪುಟ್ಟ ಜರಿಗಿಡ, ಒಂದು ಹುಲ್ಲು! ಅಂಗಳದಲ್ಲಿ ಬದುಕದ ಗಿಡ ಬಾಟಲಿಯಲ್ಲಿ ತಾನಾಗಿ ಹುಟ್ಟಿತ್ತು. ಹೊಗೆ ತಾಗದ ಆ ಬಾಟಲಿಯಲ್ಲಿ ಸುಮಾರು ನಾಲ್ಕು ವರ್ಷ ಬದುಕಿತು.

1833ರಲ್ಲಿ ವಾರ್ಡ್ ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಗಿಡ ನೆಟ್ಟು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿದರು. ತಿಂಗಳುಗಟ್ಟಲೆ ಪಯಣ. ಸುತ್ತ ಉಪ್ಪುನೀರು, ಉಪ್ಪುಗಾಳಿ. ಆದರೂ ಗಿಡಗಳು ಹಸಿರಾಗಿ ಸಿಡ್ನಿ ಪಟ್ಟಣ ಮುಟ್ಟಿದವು.

ಆಮೇಲೆ ಇಂಥ ಪೆಟ್ಟಿಗೆಗಳು ದೇಶದೇಶಕ್ಕೆ ಹೋದವು. 1851ರಲ್ಲಿ ಚೀನಾದ ಚಹಾ ಗಿಡಗಳು ಇಂಥ ಪೆಟ್ಟಿಗೆಗಳಲ್ಲೇ ನಮ್ಮ ಹಿಮಾಲಯದ ತಪ್ಪಲಿನ ತೋಟಗಳಿಗೆ ಬಂದವು. ದಕ್ಷಿಣ ಅಮೆರಿಕದಲ್ಲಿ ಸಿಂಕೋನಾ ಅಂತ ಒಂದು ಮರ. ಅದರ ತೊಗಟೆಯಿಂದ ಚಳಿಜ್ವರಕ್ಕೆ ಕ್ವಿನೈನ್ ಔಷಧಿ ತೆಗೆಯುತ್ತಾರೆ. 1860ರ ದಶಕದಲ್ಲಿ ನಮ್ಮ ಪಕ್ಕದ ನೀಲಗಿರಿ ಬೆಟ್ಟಕ್ಕೆ ಸಿಂಕೋನಾ ತರುವಾಗಲೂ ಈ ಪೆಟ್ಟಿಗೆ ಬಳಸಿದರು.

ಇಷ್ಟೆಲ್ಲ ಹೇಗೆ ಆಯಿತು? ಒಬ್ಬರು ದಿನಾ ನೋಡಿದರು. ಕಂಡದ್ದನ್ನು ಬರೆದಿಟ್ಟರು. ಅಷ್ಟೇ.

ಕೇಳಿದ ಮಾತು, ಕಂಡ ಮಾತು

ಗಿಡದ ಬಗ್ಗೆ ನಾವು ತುಂಬ ಮಾತು ಕೇಳುತ್ತೇವೆ. ಎಲ್ಲವನ್ನೂ ನಂಬಬೇಕಾಗಿಲ್ಲ.

ರಾತ್ರಿ ಕೋಣೆಯಲ್ಲಿ ಗಿಡ ಇದ್ದರೆ ಉಸಿರು ಕಟ್ಟುತ್ತದೆ ಅಂತಾರೆ. ಗಿಡವೂ ಉಸಿರಾಡುತ್ತದೆ, ನಿಜ. ಆದರೆ ಪಕ್ಕದಲ್ಲಿ ಮಲಗಿದ ಒಬ್ಬ ಮನುಷ್ಯನ ಉಸಿರಿನ ಮುಂದೆ ಒಂದು ಕುಂಡದ ಗಿಡದ ಉಸಿರು ಏನೇನೂ ಅಲ್ಲ.

ನಾಲ್ಕು ಕುಂಡ ಇಟ್ಟರೆ ಮನೆಯ ಗಾಳಿ ಶುದ್ಧ ಅಂತ ಮಾರುವವರು ಹೇಳುತ್ತಾರೆ. ಅದೂ ಅಷ್ಟು ಸುಲಭವಲ್ಲ. ಒಲೆಯ ಹೊಗೆ ಹೋಗಬೇಕಾದರೆ ಕಿಟಕಿಯನ್ನೇ ತೆರೆಯಬೇಕು.

ಮೂರನೆಯದು ನಮ್ಮದೇ ಮಾತು. ಮುಟ್ಟಾದ ಹೆಂಗಸು ಗಿಡ ಮುಟ್ಟಿದರೆ ಗಿಡ ಬಾಡುತ್ತದೆ ಅಂತಾರೆ. ತುಳಸಿ ಹತ್ತಿರ ಹೋಗಬೇಡ, ಮಲ್ಲಿಗೆ ಮುಟ್ಟಬೇಡ ಅಂತಾರೆ. ನಮ್ಮ ಅಜ್ಜಿಯರು ಕೇಳಿದರು. ನಾವೂ ಕೇಳಿದೆವು. ನಮ್ಮ ಹೆಣ್ಣುಮಕ್ಕಳಿಗೂ ಹೇಳುತ್ತಿದ್ದೇವೆ. ಆದರೆ ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದೇವಾ?

ಗದ್ದೆಯಲ್ಲಿ ನಾಟಿ ಮಾಡುವವರು ನಾವೇ. ಕಳೆ ಕೀಳುವವರು ನಾವೇ. ನಾಟಿಯ ದಿನ ಸಾಲಿನಲ್ಲಿ ಎಷ್ಟು ಜನ ಮುಟ್ಟಾಗಿರುತ್ತಾರೋ, ಯಾರು ಕೇಳುತ್ತಾರೆ? ಪೈರು ಬಾಡಿತೇ? ಇಲ್ಲ. ಕೂಲಿಗೆ ಬೇಡವಾದ ಮೈಲಿಗೆ ಹೂವಿನ ಗಿಡಕ್ಕೆ ಯಾಕೆ ಬೇಕು?

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ನೀವೇ ನೋಡಿ. ಒಂದೇ ದಿನ ಎರಡು ದೊಡ್ಡಪತ್ರೆ ಕಡ್ಡಿ ನೆಡಿ. ಅದೇ ಮಣ್ಣು, ಅದೇ ಬೆಳಕು, ಅಷ್ಟೇ ನೀರು. ಒಂದು ಡಬ್ಬದ ಮೇಲೆ 1, ಇನ್ನೊಂದರ ಮೇಲೆ 2 ಅಂತ ಬರೆಯಿರಿ. ಮುಟ್ಟಿನ ದಿನಗಳಲ್ಲಿ 1ನೇ ಗಿಡವನ್ನು ನೀವೇ ಮುಟ್ಟಿ, ನೀರು ಹಾಕಿ. 2ನೇ ಗಿಡಕ್ಕೆ ಆ ದಿನಗಳಲ್ಲಿ ಬೇರೆಯವರು ಅಷ್ಟೇ ನೀರು ಹಾಕಲಿ. ಮೂರು ತಿಂಗಳು ಹೀಗೆ ಮಾಡಿ. ಯಾವುದು ಎಷ್ಟು ಎಲೆ ಬಿಟ್ಟಿತು ಅಂತ ಎಣಿಸಿ.

ಗಿಡದ ಪುಸ್ತಕ

ಇದಕ್ಕೆ ಒಂದು ಪುಸ್ತಕ ಬೇಕು. ಮಕ್ಕಳ ಹಳೆ ನೋಟುಬುಕ್ಕಿನಲ್ಲಿ ಉಳಿದ ಹಾಳೆ ಸಾಕು. ಮೊದಲ ಸಾಲಿನಲ್ಲಿ ನಿಮ್ಮ ಹೆಸರು. ಕೆಳಗೆ ತಾರೀಖು. ಪಕ್ಕದಲ್ಲಿ ಕಂಡದ್ದು. ಒಂದು ಸಾಲು ಸಾಕು. "ನೆಟ್ಟೆ." "ಎರಡು ಎಲೆ ಬಂತು." "ಬಾಟಲಿಯಲ್ಲಿ ಹನಿ ಇದೆ." "ಪಾಚಿಯ ಮೇಲೆ ಸಣ್ಣ ಹುಳು ಕಂಡಿತು."

ಕಾಗುಣಿತ ತಪ್ಪಿದರೆ ಹೆದರಬೇಡಿ. ಇದು ಪರೀಕ್ಷೆಯ ಪುಸ್ತಕ ಅಲ್ಲ. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ಬೇರೆಯವರು ತೋರಿಸಿದ ಕಡೆ ಸಹಿ ಹಾಕುತ್ತೇವೆ. ಇಲ್ಲಿ ನಿಮಗೆ ಕಂಡದ್ದನ್ನು ನೀವೇ ಬರೆಯುತ್ತೀರಿ.

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಇದೆ. ಹತ್ತಿರ ಇರುವುದಕ್ಕೆ ಬೆಲೆ ಇಲ್ಲ ಅಂತ ಅದರ ಅರ್ಥ. ಹತ್ತಿರ ಇರುವ ಒಂದು ಗಿಡವನ್ನು ಈ ವಾರ ಚೆನ್ನಾಗಿ ನೋಡಿ. ಬರುವ ಶನಿವಾರ ಪುಸ್ತಕ ತನ್ನಿ. ಬರೆದ ಸಾಲನ್ನು ಒಬ್ಬೊಬ್ಬರೇ ಎದ್ದು ಓದೋಣ.

ಹೇಳಿ ನೋಡೋಣ

1. ಡಬ್ಬದ ತಳಕ್ಕೆ ತೂತು ಯಾಕೆ ಬೇಕು?
2. ಮನಿ ಪ್ಲಾಂಟ್ ಇಟ್ಟ ನೀರನ್ನು ವಾರಕ್ಕೊಮ್ಮೆ ಯಾಕೆ ಚೆಲ್ಲಬೇಕು?
3. ಬಾಟಲಿ ತೋಟವನ್ನು ಬಿಸಿಲಿನಲ್ಲಿ ಇಟ್ಟರೆ ಏನಾಗುತ್ತದೆ?
4. ಗಿಡದ ಬಗ್ಗೆ ನೀವು ಕೇಳಿದ ಒಂದು ಮಾತು ಹೇಳಿ. ಅದು ನಿಜವೋ ಸುಳ್ಳೋ ಅಂತ ಹೇಗೆ ಪರೀಕ್ಷೆ ಮಾಡುತ್ತೀರಿ?