ವರ್ತಕರು ಸಾಕಿದ ಮೃಗಗಳು

(ಪ್ರತಿಷ್ಠಾ ಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಭಾಷಣ)

 

ತತ್ತ್ವವಿಚಾರವನ್ನು ವಿದ್ವಾಂಸರು ಬೆಳಗಿನಿಂದ ತಮಗೆ ಉಣಬಡಿಸಿದ್ದಾರೆ. ನಾನಾದರೋ ಮೆಟ್ರಿಕ್‌ವರೆಗೆ ಓದಿ ತಕ್ಕಡಿ ಹಿಡಿದವನು. ಆದುದರಿಂದ ನನ್ನ ಕಸುಬಿಗೆ ಹತ್ತಿರವಾದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಲೋಕದ ಕಥೆಗಳಲ್ಲಿ ಬರುವ ಅದ್ಭುತ ಮೃಗಗಳಲ್ಲಿ ಕೆಲವನ್ನು ಕವಿಗಳು ಕಲ್ಪಿಸಿದರು, ಕೆಲವನ್ನು ಭಯವು ಹುಟ್ಟಿಸಿತು. ಇನ್ನು ಕೆಲವನ್ನು ನಮ್ಮಂಥ ವರ್ತಕರೇ ಸಾಕಿ ಬೆಳೆಸಿದರು.

ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಅರಬ್ ದೇಶದ ಸರಕುಗಳನ್ನು ವರ್ಣಿಸುತ್ತ, ಅಲ್ಲಿ ಧೂಪದ ಮರಗಳನ್ನು ರೆಕ್ಕೆಯುಳ್ಳ ಹಾವುಗಳು ಕಾಯುತ್ತವೆಂದೂ ಹೊಗೆ ಹಾಕಿ ಅವುಗಳನ್ನು ಓಡಿಸಬೇಕೆಂದೂ ಬರೆದನು. ದಾಲ್ಚಿನ್ನಿಯ ಕಥೆಯಂತೂ ಇನ್ನೂ ಸೊಗಸು. ಅದು ಎಲ್ಲಿ ಬೆಳೆಯುತ್ತದೆಂಬುದು ಯಾರಿಗೂ ತಿಳಿಯದಂತೆ! ದೊಡ್ಡ ಹಕ್ಕಿಗಳು ಅದರ ಕಡ್ಡಿಗಳನ್ನು ತಂದು, ಮನುಷ್ಯರು ಹತ್ತಲಾಗದ ಬಂಡೆಗಳ ಮೇಲೆ ಮಣ್ಣಿನಿಂದ ಗೂಡು ಕಟ್ಟುತ್ತವೆ. ಜನರು ಸತ್ತ ಎತ್ತು ಕತ್ತೆಗಳ ಮಾಂಸದ ದೊಡ್ಡ ತುಂಡುಗಳನ್ನು ಕೆಳಗೆ ಇಟ್ಟು ದೂರ ಸರಿಯುತ್ತಾರೆ. ಹಕ್ಕಿಗಳು ಅವನ್ನು ಹೊತ್ತೊಯ್ದಾಗ ಭಾರ ತಾಳಲಾರದೆ ಗೂಡು ಕಳಚಿ ಬೀಳುತ್ತದೆ. ಆಗ ಕಡ್ಡಿಗಳನ್ನು ಆಯ್ದುಕೊಳ್ಳುವುದು.

ದಾಲ್ಚಿನ್ನಿಯು ಮರದ ಒಳತೊಗಟೆ ಎಂಬುದು ನಮ್ಮ ಅಡುಗೆಮನೆಗಳಲ್ಲಿ ತಿಳಿದ ಮಾತು. ಸಿಂಹಳದಲ್ಲಿ ಅದು ಬೆಳೆಯುತ್ತದೆ, ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಅದರ ಜಾತಿಯ ಮರಗಳಿವೆ. ಹಕ್ಕಿಗೂ ಅದಕ್ಕೂ ಏನು ಸಂಬಂಧ? ಸುಮಾರು ಐದು ಶತಮಾನಗಳ ಅನಂತರ ರೋಮಿನ ಪ್ಲಿನಿ ಎಂಬ ಪಂಡಿತನು ಗುಟ್ಟನ್ನು ಒಡೆದನು: ಇವೆಲ್ಲ ಬೆಲೆ ಏರಿಸಲು ಕಟ್ಟಿದ ಕಥೆಗಳು. ಸರಕಿನ ಮೂಲ ಗಿರಾಕಿಗೆ ತಿಳಿದರೆ ದಲ್ಲಾಳಿಗೆ ಏನು ಉಳಿಯಿತು? ಕಸುಬಿನವನಾಗಿ ನಾನು ಈ ಯುಕ್ತಿಯನ್ನು ಮೆಚ್ಚುತ್ತೇನೆ, ಶ್ರಾವಕನಾಗಿ ಮೆಚ್ಚಲಾರೆ.

ಇನ್ನು ಒಂಟಿಕೊಂಬಿನ ಮೃಗ, ಯೂನಿಕಾರ್ನ್. ಇದರ ತವರು ನಮ್ಮ ದೇಶವೇ ಎಂದರೆ ತಮಗೆ ಆಶ್ಚರ್ಯವಾದೀತು. ಪಾರಸಿಕ ದೊರೆಯ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೀಸಿಯಸ್ ಎಂಬ ಗ್ರೀಕನು, ಭಾರತದಲ್ಲಿ ಬಿಳಿಯ ಮೈಯ, ಕೆಂಪು ತಲೆಯ ಕಾಡುಕತ್ತೆಗಳಿವೆ, ಹಣೆಯಲ್ಲಿ ಒಂದೂವರೆ ಮೊಳದ ಕೊಂಬಿದೆ, ಆ ಕೊಂಬಿನ ಬಟ್ಟಲಲ್ಲಿ ಕುಡಿದವನಿಗೆ ವಿಷವೇರದು ಎಂದು ಬರೆದನು. ಆತನು ಭಾರತಕ್ಕೆ ಬಂದವನಲ್ಲ, ಕೇಳಿದ್ದನ್ನು ಬರೆದವನು. ಶ್ರೇಯಾಂಸನಾಥ ತೀರ್ಥಂಕರರ ಲಾಂಛನವಾದ ಖಡ್ಗಮೃಗದ ಸುದ್ದಿಯೇ ಬಾಯಿಂದ ಬಾಯಿಗೆ ದಾಟಿ ಹೀಗಾಯಿತೆಂದು ಬಲ್ಲವರ ಅಭಿಪ್ರಾಯ.

ವಿಷದ ಭಯವಿದ್ದ ಯುರೋಪಿನ ಅರಸರು ಆ ಕೊಂಬಿಗೆ ಕೇಳಿದಷ್ಟು ಬೆಲೆ ತೆತ್ತರು. ಕೊಂಬು ಬಂದದ್ದೆಲ್ಲಿಂದ? ಉತ್ತರ ಧ್ರುವದ ಕಡಲಿನ ನಾರ್ವಾಲ್ ಎಂಬ ತಿಮಿಂಗಿಲದಿಂದ. ಅದರ ಗಂಡಿಗೆ ಒಂದು ಹಲ್ಲು ತುಟಿಯನ್ನು ಸೀಳಿಕೊಂಡು ತಿರುಚಿದ ಹಗ್ಗದಂತೆ ಎಂಟು ಒಂಬತ್ತು ಅಡಿ ಬೆಳೆಯುತ್ತದೆ. ಡೆನ್ಮಾರ್ಕಿನ ಅರಸರು ಅದರಿಂದ ಸಿಂಹಾಸನವನ್ನೇ ಮಾಡಿಸಿ, 1671ರಲ್ಲಿ ಐದನೆಯ ಕ್ರಿಶ್ಚಿಯನ್ ದೊರೆಯ ಪಟ್ಟಾಭಿಷೇಕದಲ್ಲಿ ಬಳಸಿದರು. ವಿನೋದವೆಂದರೆ, ಅದು ತಿಮಿಂಗಿಲದ ಹಲ್ಲೆಂದು ಅದೇ ದೇಶದ ವೈದ್ಯ ಓಲೆ ವರ್ಮನು 1638ರಲ್ಲಿಯೇ ತೋರಿಸಿಕೊಟ್ಟಿದ್ದನು. ಅದಕ್ಕೂ ಮೊದಲು, 1582ರಲ್ಲಿ, ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರಾಸ್ ಪಾರೆಯು ಕೊಂಬಿನ ಮಹಿಮೆಯನ್ನು ಖಂಡಿಸಿ ಪುಸ್ತಕ ಬರೆದನು. ಅರಸನ ಪಾತ್ರೆಯಲ್ಲಿ ಕೊಂಬು ಅದ್ದುವ ರೂಢಿಯನ್ನು ನಿಲ್ಲಿಸಬಾರದೇ ಎಂದು ಆತನು ರಾಜವೈದ್ಯನನ್ನು ಕೇಳಿದಾಗ, ಆ ವೈದ್ಯನು ತನಗೂ ನಂಬಿಕೆಯಿಲ್ಲ, ಆದರೆ ಬೇರೂರಿದ ರೂಢಿಯನ್ನು ಕೀಳಲಾರೆ ಎಂದನಂತೆ. ಸುಳ್ಳು ಹೇಳಿದ ವರ್ತಕನಿಗಿಂತ ತಿಳಿದೂ ಸುಮ್ಮನಿದ್ದ ಈ ವೈದ್ಯನೇ ನನ್ನನ್ನು ಹೆಚ್ಚು ಕಾಡುತ್ತಾನೆ.

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಡೆಯದು ಪ್ರತಿರೂಪಕ ವ್ಯವಹಾರ. ಒಂದು ವಸ್ತುವನ್ನು ಮತ್ತೊಂದೆಂದು ಮಾರುವುದು. ಹಲ್ಲನ್ನು ಕೊಂಬೆಂದು ಮಾರಿದ್ದು ಅದೇ. ಆದರೆ ಇಲ್ಲಿ ಚೌರ್ಯದ ಜೊತೆಗೆ ಹಿಂಸೆಯೂ ಸೇರಿತು. ಕೊಂಬಿನ ಮಹಿಮೆಯ ಮಾತು ಸಾಯಲಿಲ್ಲ, ಮೃಗಗಳು ಸತ್ತವು. ಖಡ್ಗಮೃಗದ ಕೊಂಬು ನಮ್ಮ ಉಗುರು ಕೂದಲುಗಳ ಪದಾರ್ಥವೇ. 1977ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದ ಮೇಲೂ ಔಷಧವೆಂದು ಕೊಳ್ಳುವವರಿಗಾಗಿ ಕೊಲ್ಲುವವರು ಇದ್ದೇ ಇದ್ದಾರೆ. 2021ರ ಸೆಪ್ಟೆಂಬರ್ 22ರಂದು ಅಸ್ಸಾಮಿನ ಬೋಕಾಖಾತಿನಲ್ಲಿ ಸರ್ಕಾರವು ತನ್ನ ಭಂಡಾರದಲ್ಲಿದ್ದ 2,479 ಕೊಂಬುಗಳನ್ನು ಎಲ್ಲರೆದುರಿಗೆ ಸುಟ್ಟಿತು.

ನಮ್ಮ ಕಡೆಯೂ ಇಂಥ ಸರಕುಂಟು. ಮಣ್ಣುಮುಕ್ಕ ಹಾವಿನ ಬಾಲ ಮೊಂಡಾಗಿರುವುದರಿಂದ ಅದನ್ನು ಎರಡು ತಲೆಯ ಹಾವೆಂದು, ನಿಧಿ ತೋರಿಸುತ್ತದೆಂದು ಲಕ್ಷಗಟ್ಟಲೆ ಹೇಳಿ ಮಾರುತ್ತಾರೆ. ಹಿಡಿಯುವುದೂ ಮಾರುವುದೂ ವನ್ಯಜೀವಿ ಕಾಯಿದೆಯಂತೆ ಅಪರಾಧ. ನರಿಗೆ ಕೊಂಬಿಲ್ಲವೆಂಬುದನ್ನು ಮಕ್ಕಳೂ ಬಲ್ಲರು. ಆದರೂ ಕೂದಲಿರುವ ಚರ್ಮದ ಗಂಟನ್ನು ನರಿಕೊಂಬೆಂದು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವವರಲ್ಲಿ ನಮ್ಮವರೂ ಇದ್ದಾರೆ.

ನಿನ್ನೆ ಸಂಜೆ ಚಪ್ಪರದ ಹೊರಗಿನ ಸಾಲಂಗಡಿಗಳಲ್ಲಿ ಎರಡು ಕಡೆ ಈ ನರಿಕೊಂಬನ್ನು ಕಂಡೆನು. ಅಂಗಡಿ ಹಾಕಿದವರು ಬಡವರು, ಅವರನ್ನು ಗದರಿಸಿ ಓಡಿಸುವುದು ಬೇಡ. ಸಮಿತಿಯವರು ಅವರಿಗೆ ಅದೇ ಜಾಗದಲ್ಲಿ ಬೇರೆ ಸರಕು ಇಡಲು ತಿಳಿಹೇಳಬೇಕೆಂದು ವಿನಂತಿಸುತ್ತೇನೆ. ಆ ಸರಕಿನ ಖರ್ಚನ್ನು ನಮ್ಮ ಅಂಗಡಿಯಿಂದ ಕೊಡುತ್ತೇನೆ.