ಮರಣದ ಸ್ಮರಣೆ: ಭಯವೋ, ಸಿದ್ಧತೆಯೋ?

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಪ್ರಿಯ ಸಹೋದರರೇ, ಮರಣ ಯಾರನ್ನೂ ಬಿಡುವುದಿಲ್ಲ ಎಂಬುದನ್ನು ಅಲ್ಲಾಹನು ಕುರ್‌ಆನಿನಲ್ಲಿ ಆಲಿ ಇಮ್ರಾನ್, ಅಂಬಿಯಾ, ಅನ್ಕಬೂತ್ ಹೀಗೆ ಮೂರು ಅಧ್ಯಾಯಗಳಲ್ಲಿ ನೆನಪಿಸಿದ್ದಾನೆ. ಈಗ ಜನರು ಆ ಮರಣವನ್ನು ಯಂತ್ರದ ಮೂಲಕ ಮುಂಚಿತವಾಗಿಯೇ ಅನುಭವಿಸಲು ಹೊರಟಿದ್ದಾರೆ. ವರ್ಚುವಲ್ ರಿಯಾಲಿಟಿ ಎಂದರೇನು ಎಂದು ನಿಮ್ಮ ಮಕ್ಕಳನ್ನು ಕೇಳಿದರೆ ಹೇಳುತ್ತಾರೆ. ಕಣ್ಣು ಮುಚ್ಚುವಂತಹ ಒಂದು ಸಾಧನವನ್ನು ತಲೆಗೆ ಕಟ್ಟಿಕೊಂಡರೆ, ಇಲ್ಲದ ಲೋಕವೊಂದು ಸುತ್ತಲೂ ಇದ್ದಂತೆಯೇ ಕಾಣುತ್ತದೆ.

2023ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಪ್ರದರ್ಶನವೊಂದರಲ್ಲಿ ಕಲಾವಿದ ಶಾನ್ ಗ್ಲಾಡ್‌ವೆಲ್ ಅವರು ಇಂಥದ್ದನ್ನೇ ಇಟ್ಟಿದ್ದರು. ನೋಡುಗರು ಆಸ್ಪತ್ರೆಯ ಹಾಸಿಗೆಯಂಥದ್ದರ ಮೇಲೆ ಮಲಗಬೇಕು. ಹೃದಯ ನಿಲ್ಲುವುದರಿಂದ ಹಿಡಿದು ಮೆದುಳು ಸ್ತಬ್ಧವಾಗುವವರೆಗೆ ಎಲ್ಲವೂ ತಮಗೇ ಆಗುತ್ತಿರುವಂತೆ ಅವರಿಗೆ ಕಾಣುತ್ತದೆ. ಅದಕ್ಕೂ ಮೊದಲು, 2018ರಲ್ಲಿ, ಸ್ಪೇನಿನ ಬಾರ್ಸಿಲೋನಾದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದ್ದರು. ಕೆಲವು ಮಹಿಳೆಯರು ಕಾಲ್ಪನಿಕ ದ್ವೀಪವೊಂದರಲ್ಲಿ ಬದುಕಿದರು, ಮುದುಕರಾದರು, ಜೊತೆಗಾರರ ಸಾವನ್ನು ಕಂಡರು, ಕೊನೆಗೆ ತಾವೂ ‘ಸತ್ತರು’. ಆಮೇಲೆ ಅವರಲ್ಲಿ ಹಣ, ವಸ್ತುಗಳ ಆಸೆಗಿಂತ ಇತರರ ಬಗೆಗಿನ ಕಾಳಜಿ ಹೆಚ್ಚಿದಂತೆ ಕಂಡಿತಂತೆ. ಅಧ್ಯಯನ ಚಿಕ್ಕದು, ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟಲಾಗದು. ಆದರೆ ನಾವು ನಗಬೇಕಾದ ವಿಷಯವೂ ಅಲ್ಲ. ಸಾವನ್ನು ಹತ್ತಿರದಿಂದ ಕಂಡವನ ಮನಸ್ಸು ಮೃದುವಾಗುತ್ತದೆ ಎಂಬುದು ನಮಗೆ ಹೊಸದಲ್ಲ. ಮೊದಲು ಖಬರ್ ಸಂದರ್ಶನವನ್ನು ತಡೆದಿದ್ದ ಪ್ರವಾದಿ(ಸ)ರು ನಂತರ ಅದಕ್ಕೆ ಅನುಮತಿ ನೀಡಿದರು, ಅದು ಪರಲೋಕವನ್ನು ನೆನಪಿಸುತ್ತದೆ ಎಂಬ ಕಾರಣವನ್ನೂ ತಿಳಿಸಿದರು.

ಆದರೆ ಸಹೋದರರೇ, ಮೃದುವಾದ ಮನಸ್ಸು ಎಷ್ಟು ದಿನ ಮೃದುವಾಗಿರುತ್ತದೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 2025ರ ಮೇ, ಜೂನ್ ತಿಂಗಳುಗಳನ್ನು ನೆನಪಿಸಿಕೊಳ್ಳಿ. ಸುಮಾರು 40 ದಿನಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ದೇಶವನ್ನೆಲ್ಲ ಮುಟ್ಟಿತು. ಅವರಲ್ಲಿ ಯುವಕರೂ ಇದ್ದರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲೆಡೆ ಅದೇ ಮಾತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯ ವರದಿ ಜುಲೈನಲ್ಲಿ ಬಂತು. ಸಾವುಗಳು ಅಸಹಜವಾಗಿ ಹೆಚ್ಚಿಲ್ಲ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಧೂಮಪಾನದಂತಹ ಕಾರಣಗಳತ್ತ ಗಮನ ಕೊಡಿ ಎಂಬುದು ಅದರ ಸಾರ. ಭಯ ಇಳಿಯಿತು. ಒಳ್ಳೆಯದೇ. ಆದರೆ ಭಯದ ಜೊತೆ ಪಾಠವೂ ಇಳಿದು ಹೋಯಿತೇ? ಅಂದು ಬಿಟ್ಟ ಬೀಡಿ ಮತ್ತೆ ಕೈಗೆ ಬಂದಿದೆ. ಅಂದು ತುಂಬಿದ್ದ ಫಜ್ರ್‌ನ ಸಫ್ ಮತ್ತೆ ಚಿಕ್ಕದಾಗಿದೆ.

ಸತ್ಯವಿಶ್ವಾಸಿಗಳಲ್ಲಿ ಅತ್ಯಂತ ಜಾಣ ಯಾರು ಎಂದು ಒಬ್ಬರು ಕೇಳಿದಾಗ ಪ್ರವಾದಿ(ಸ)ರು ಎರಡು ಗುಣಗಳನ್ನು ಹೇಳಿದರು: ಮರಣವನ್ನು ಹೆಚ್ಚು ನೆನೆಯುವುದು ಮತ್ತು ಅದರ ನಂತರದ್ದಕ್ಕೆ ಚೆನ್ನಾಗಿ ಸಿದ್ಧವಾಗುವುದು (ಇಬ್ನು ಮಾಜಃ). ಮೊದಲನೆಯದನ್ನು ಯಂತ್ರವೂ ಕೊಡಬಹುದು, ವಾರ್ತೆಯೂ ಕೊಡಬಹುದು. ಎರಡನೆಯದನ್ನು ನಾವೇ ಮಾಡಬೇಕು. ಯಂತ್ರದ ಸಾವಿನಲ್ಲಿ ಸಾಲಗಾರ ಮನೆ ಬಾಗಿಲಿಗೆ ಬರುವುದಿಲ್ಲ. ನಿಜವಾದ ಸಾವಿನಲ್ಲಿ ಬರುತ್ತಾನೆ.

ಒಮ್ಮೆ ಒಂದು ಜನಾಝ ತರಲಾಯಿತು. ಮೃತರಿಗೆ ಮೂರು ದೀನಾರ್ ಸಾಲವಿತ್ತು, ತೀರಿಸಲು ಏನನ್ನೂ ಬಿಟ್ಟಿರಲಿಲ್ಲ. ನೀವೇ ನಮಾಝ್ ಮಾಡಿರಿ ಎಂದು ಪ್ರವಾದಿ(ಸ)ರು ಸಂಗಾತಿಗಳಿಗೆ ಹೇಳಿದರು. ಅಬೂ ಖತಾದ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ಅವರು ನಮಾಝ್ ನಿರ್ವಹಿಸಿದರು (ಬುಖಾರಿ). ಮೂರೇ ದೀನಾರ್!

ಆದ್ದರಿಂದ ಈ ವಾರ ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್ ತೆಗೆಯಿರಿ. ಅಂಗಡಿಯ ಉದ್ರಿ, ಕೈಸಾಲ, ಚೀಟಿ ಹಣ ಯಾರಿಗೆ ಎಷ್ಟು ಕೊಡಬೇಕು ಎಂದು ಬರೆಯಿರಿ. ಪತ್ನಿಗೆ ಕೊಡದೆ ಉಳಿದ ಮಹರ್ ಕೂಡ ಸಾಲವೇ, ಅದನ್ನೂ ಬರೆಯಿರಿ. ವಸಿಯ್ಯತ್ ಮಾಡುವುದಿದ್ದವನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ವಸಿಯ್ಯತ್ ಆಸ್ತಿಯ ಮೂರನೇ ಒಂದು ಭಾಗವನ್ನು ಮೀರಬಾರದು.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ತಂದೆ ತೀರಿಕೊಂಡು ವರ್ಷಗಳಾದರೂ ಎಷ್ಟೋ ಮನೆಗಳಲ್ಲಿ ಅಕ್ಕ ತಂಗಿಯರ ಪಾಲು ಇನ್ನೂ ಅಣ್ಣ ತಮ್ಮಂದಿರ ಕೈಯಲ್ಲಿದೆ. ತವರು ತಪ್ಪೀತೆಂಬ ಭಯಕ್ಕೆ ಅವಳು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿರಬಹುದು. ಸಂಕೋಚದ ಸಹಿ ಮನಃಪೂರ್ವಕ ಒಪ್ಪಿಗೆಯಲ್ಲ. ಆ ಪಾಲು ಅಲ್ಲಾಹನೇ ನಿಗದಿಪಡಿಸಿದ್ದು. ಅದನ್ನು ಇಟ್ಟುಕೊಂಡು ಜನಾಝದ ಸಫ್‌ನಲ್ಲಿ ನಿಂತು ಅತ್ತರೆ ಪ್ರಯೋಜನವೇನು?

ಖಬರಿನ ಶಿಕ್ಷೆಯೆಂದು ಮೊಬೈಲಿನಲ್ಲಿ ಬರುವ ಅನಿಮೇಷನ್ ವೀಡಿಯೊಗಳನ್ನು ತೋರಿಸಿ ಮಕ್ಕಳನ್ನು ಹೆದರಿಸಬೇಡಿ. ಮರಣಾನಂತರದ ವಿಷಯ ಗೈಬ್‌ಗೆ ಸೇರಿದ್ದು. ಅಲ್ಲಾಹನೂ ಅವನ ಪ್ರವಾದಿಯೂ ತಿಳಿಸಿದಷ್ಟೇ ನಮಗೆ ಸಾಕು. ಮಕ್ಕಳನ್ನು ಅಜ್ಜನ ಖಬರಿನ ಬಳಿಗೆ ಕರೆದೊಯ್ಯಿರಿ, ಸಲಾಮ್ ಹೇಳುವುದನ್ನು, ದುಆ ಮಾಡುವುದನ್ನು ಕಲಿಸಿರಿ. ಯುವಕರು ಜನಾಝದ ಗುಸ್ಲ್ ಮತ್ತು ಕಫನ್ ಕಲಿಯಲು ಮುಂದೆ ಬರಲಿ.

ದೇಹವೂ ಅಮಾನತ್. ಆಟೋ, ಲಾರಿ ಓಡಿಸುವ ಸಹೋದರರೇ, ಬಿಪಿ, ಶುಗರ್ ಪರೀಕ್ಷೆ ಮಾಡಿಸಿಕೊಳ್ಳಿ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಮರಣವನ್ನು ನೆನೆಯುವುದೆಂದರೆ ಬದುಕನ್ನು ಕೈಬಿಡುವುದಲ್ಲ. ಕಿಯಾಮತ್ ಬಂದೇ ಬಿಟ್ಟರೂ ಕೈಯಲ್ಲಿ ಸಸಿಯಿದ್ದವನು ಸಾಧ್ಯವಾದರೆ ಅದನ್ನು ನೆಡಲಿ ಎಂದು ಕಲಿಸಿದ ಪ್ರವಾದಿಯ ಉಮ್ಮತ್ ನಾವು.

ಯಾರ ಹಕ್ಕನ್ನೂ ಹೆಗಲ ಮೇಲೆ ಹೊರದೆ, ಈಮಾನ್‌ನೊಂದಿಗೆ ಹೊರಡುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.