ಒಗರು ಸೊಪ್ಪು ಮತ್ತು ಕುರಿಯ ಹೊಟ್ಟೆಹುಳು
(ಬೆಳ್ಳಿಹಬ್ಬದ ಪಶುಪಾಲನಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಈ ಸಂಘವನ್ನು ನಡೆಸಿಕೊಂಡು ಬಂದಿದ್ದೀರಿ. ಅದಕ್ಕೆ ನಿಮ್ಮನ್ನು ಅಭಿನಂದಿಸಿ ನೇರವಾಗಿ ವಿಷಯಕ್ಕೆ ಬರುತ್ತೇವೆ. ಸಂಘದ ಸಾಲದಲ್ಲಿ ಕುರಿ ತಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಕುರಿ ಸತ್ತರೆ ಸಾಲ ಸಾಯುವುದಿಲ್ಲ. ಮಳೆಗಾಲ ಬಂತೆಂದರೆ ಪಶುವೈದ್ಯರಾದ ನಮ್ಮ ಹತ್ತಿರ ಬರುವ ದೂರು ಒಂದೇ: "ಹುಳದ ಔಷಧಿ ಕುಡಿಸಿದ್ವಿ ಸಾರ್, ಆದ್ರೂ ಮರಿ ಬಡಕಲಾಗ್ತಾ ಇದೆ, ಗದ್ದದ ಕೆಳಗೆ ಊದ್ಕೊಂಡಿದೆ."

ಈ ಕೆಲಸ ಹೆಚ್ಚಾಗಿ ಹೀಮಾಂಕಸ್ ಎಂಬ ಹುಳುವಿನದು. ಕುರಿ ಮೇಕೆಗಳ ನಾಲ್ಕನೆಯ ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿ.ಲೀ. ಇಷ್ಟೇನಾ ಅನ್ನಬೇಡಿ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿ.ಲೀ. ರಕ್ತ ಹೋಯಿತು! ಒಂದು ಹೆಣ್ಣುಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತವೆ. ಬೆಚ್ಚಗೂ ಹಸಿಯೂ ಇದ್ದರೆ ಒಂದು ವಾರದಲ್ಲಿ ಮರಿಹುಳು ಹುಲ್ಲಿನೆಸಳು ಹತ್ತಿ ಕೂರುತ್ತದೆ. ಅದನ್ನು ಮೇಯ್ದ ಕುರಿಯ ಹೊಟ್ಟೆಯಲ್ಲಿ ಮೂರು ವಾರಕ್ಕೆ ಮತ್ತೆ ಮೊಟ್ಟೆ.

ಔಷಧಿ ಇಲ್ಲವೇ ಎಂದರೆ, ಇದೆ. 1961ರಲ್ಲಿ ಥಯಾಬೆಂಡಜೋಲ್ ಬಂದಾಗ ಇನ್ನು ಹುಳುವಿನ ಕಾಟ ಮುಗಿಯಿತು ಎನ್ನುವಂತಿತ್ತು. 1964ರಷ್ಟರಲ್ಲೇ ಅದಕ್ಕೆ ಬಗ್ಗದ ಹುಳುಗಳು ಕಂಡವು. ಆಮೇಲಿನ ಔಷಧಿಗಳಿಗೂ ಅದೇ ಗತಿ, ನಮ್ಮ ಕರ್ನಾಟಕದಲ್ಲೂ. ತೂಕ ನೋಡದೆ ಅಂದಾಜಿನಲ್ಲಿ ಕಡಿಮೆ ಕುಡಿಸುವುದು, ಇಡೀ ಮಂದೆಗೆ ಪದೇ ಪದೇ ಅದೇ ಔಷಧಿ ಹಾಕುವುದು, ಇವೇ ಕಾರಣ. ಸಾಯದೆ ಉಳಿದ ಹುಳುವಿನ ಸಂತಾನವೇ ಗೋಮಾಳದ ತುಂಬ ಹರಡುತ್ತದೆ.

ಇಲ್ಲಿ ಸೊಪ್ಪಿನ ಮಾತು ಬರುತ್ತದೆ. ಸೀಬೆಯ ಚಿಗುರು ಜಗಿದರೆ ಬಾಯಿ ಒಗರಾಗುತ್ತದಲ್ಲ, ಅದು ಟ್ಯಾನಿನ್ ಎಂಬ ಅಂಶ. ಹಿಂದೆ ಚರ್ಮ ಹದ ಮಾಡುವವರು ಕರಿಜಾಲಿ, ತಂಗಡಿ ತೊಗಟೆ ಬಳಸುತ್ತಿದ್ದುದು ಇದಕ್ಕಾಗಿಯೇ. ಟ್ಯಾನಿನ್ ಚರ್ಮದ ಪ್ರೋಟೀನನ್ನು ಹಿಡಿದು ಬಿಗಿಯುತ್ತದೆ, ಚರ್ಮ ಕೊಳೆಯುವುದಿಲ್ಲ. ಹುಳುವಿನ ಹೊರಪೊರೆಯಲ್ಲೂ ಪ್ರೋಟೀನ್ ಇದೆ. ಅಲ್ಲಿಗೂ ಟ್ಯಾನಿನ್ ಅಂಟುತ್ತದೆ. ಹುಳು ಇಡುವ ಮೊಟ್ಟೆ ಕಡಿಮೆಯಾಗುತ್ತದೆ, ಹಿಕ್ಕೆಯಲ್ಲಿ ಮರಿಹುಳು ಬೆಳೆಯುವುದೂ ಕುಂಠಿತವಾಗುತ್ತದೆ. ಜೊತೆಗೆ ಮೇವಿನ ಪ್ರೋಟೀನ್ ಮೊದಲ ಹೊಟ್ಟೆಯಲ್ಲೇ ಕರಗಿಹೋಗದೆ ಮುಂದಕ್ಕೆ ಸಾಗುತ್ತದೆ. ರಕ್ತ ಕಳೆದುಕೊಂಡ ಕುರಿಗೆ ಇದು ಬೇಕೇ ಬೇಕು.

ಇದು ಬರೀ ಅಜ್ಜಿಮದ್ದಿನ ಮಾತಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸೆರಿಸಿಯಾ ಲೆಸ್ಪೆಡೀಜಾ ಎಂಬ ಒಗರು ಮೇವನ್ನು ಮೇಕೆಗಳಿಗೆ ಇದಕ್ಕಾಗಿಯೇ ಕೊಡುತ್ತಾರೆ. ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಬಸರಿ ಮತ್ತು ಸೀಬೆ ಎಲೆಯ ಪುಡಿಯನ್ನು ಮೇವಿಗೆ ಬೆರೆಸಿ ಪ್ರಯೋಗ ಮಾಡಿದ್ದಾರೆ. ಎರಡೂ ನಮ್ಮಲ್ಲಿ ಸಿಗುವ ಮರಗಳೇ. ಮರಿಹುಳು ಇರುವುದು ನೆಲಕ್ಕೆ ಹತ್ತಿರದ ಹುಲ್ಲಿನಲ್ಲಿ. ಎತ್ತರದ ಕೊಂಬೆಯ ಸೊಪ್ಪು ತಿಂದರೆ ಹೊಸ ಹುಳುವೂ ಹೊಟ್ಟೆಗೆ ಹೋಗುವುದಿಲ್ಲ. (ಗೋಮಾಳದಲ್ಲಿ ಮರ ಎಲ್ಲಿದೆ ಸ್ವಾಮಿ ಎಂದು ನೀವು ಕೇಳಬಹುದು. ಕುರಿಗೆ ಸಾಲ ಕೊಡುವ ಸಂಘ ಬಸರಿ ಸಸಿಗೂ ನಾಲ್ಕು ಕಾಸು ತೆಗೆದಿಡಲಿ. ಕಾರ್ಯದರ್ಶಿಗಳು ಬೇಸರ ಮಾಡಿಕೊಳ್ಳಬಾರದು.)

ಆದರೆ ಹುಷಾರಾಗಿರಬೇಕು. ಮೇವಿನ ಒಣ ತೂಕದಲ್ಲಿ ಟ್ಯಾನಿನ್ ನೂರಕ್ಕೆ 2ರಿಂದ 4ರಷ್ಟಿದ್ದರೆ ಒಳ್ಳೆಯದು. ಐದಾರು ದಾಟಿದರೆ ಕುರಿ ಮೇವು ಬಿಡುತ್ತದೆ, ಇಳಿದುಹೋಗುತ್ತದೆ. ಆದ್ದರಿಂದ ಬರೀ ಸೊಪ್ಪೇ ಹಾಕಬೇಡಿ. ಬೇರೆ ಮೇವಿನ ಜೊತೆ ಸ್ವಲ್ಪದಿಂದ ಶುರುಮಾಡಿ ಅಭ್ಯಾಸ ಮಾಡಿಸಿ. ಗುರುತಿಲ್ಲದ ಗಿಡ ಬೇಡ. ಲಂಟಾನದಂಥದ್ದು ವಿಷ. ಇನ್ನು, ಊತ ಬಂದ ಕುರಿಯನ್ನು ಸೊಪ್ಪು ಉಳಿಸುವುದಿಲ್ಲ, ಅದಕ್ಕೆ ಔಷಧಿಯೇ ಆಗಬೇಕು. ಸೊಪ್ಪಿನಿಂದ ಹುಳು ಹತೋಟಿಯಲ್ಲಿದ್ದರೆ ಔಷಧಿ ಹಾಕುವ ಸರದಿ ಕಡಿಮೆಯಾಗುತ್ತದೆ, ಅದರ ಬಲ ಹೆಚ್ಚು ಕಾಲ ಉಳಿಯುತ್ತದೆ. ನಮ್ಮ ಲೆಕ್ಕ ಇಷ್ಟೇ.

ಯಾವ ಕುರಿಗೆ ಔಷಧಿ? ಕೆಳರೆಪ್ಪೆ ಎಳೆದು ಒಳಗಡೆ ನೋಡಿ. ಕೆಂಪಗಿದ್ದರೆ ಬಿಡಿ, ಬಿಳಿಚಿಕೊಂಡಿದ್ದರೆ ಕುಡಿಸಿ. ದಕ್ಷಿಣ ಆಫ್ರಿಕದವರು ಇದಕ್ಕೆ ಐದು ಬಣ್ಣದ ಕಾರ್ಡನ್ನೇ ಮಾಡಿದ್ದಾರೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಹೀಗೆ ನೋಡಿ. ಕುಡಿಸುವ ದಿನ ಏಳೆಂಟು ಕುರಿಗಳ ತಾಜಾ ಹಿಕ್ಕೆಯನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ, ಗುರುತು ಹಾಕಿ, ಆಸ್ಪತ್ರೆಗೆ ತನ್ನಿ. 10ರಿಂದ 14 ದಿನ ಬಿಟ್ಟು ಅದೇ ಕುರಿಗಳದ್ದನ್ನು ಮತ್ತೆ ತನ್ನಿ. ಮೊಟ್ಟೆ ಎಣಿಸಿ, ನಿಮ್ಮ ಮಂದೆಯಲ್ಲಿ ಆ ಔಷಧಿ ಇನ್ನೂ ಕೆಲಸ ಮಾಡ್ತಾ ಇದೆಯೋ ಇಲ್ಲವೋ ಹೇಳುತ್ತೇವೆ.